ಜೆಲ್‌ಗೆ ಸಕ್ಕರೆ ಏರಿದ್ದು ಗೊತ್ತಾಗುವುದು ಹೇಗೆ?

ಪ್ರಶ್ನೆ: ನನ್ನ ತಂದೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಗೆ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಾರೆ. ರಕ್ತದಲ್ಲಿ ಸಕ್ಕರೆ ಏರಿದಾಗ ತಾನಾಗಿಯೇ ಇನ್ಸುಲಿನ್ ಬಿಡುವ, ಇಳಿದಾಗ ನಿಲ್ಲಿಸುವ ‘ಸ್ಮಾರ್ಟ್ ಹೈಡ್ರೋಜೆಲ್’ ಬಗ್ಗೆ ಓದಿದೆ. ಅದರೊಳಗೆ ಚಿಪ್ ಏನಾದರೂ ಇರುತ್ತದೆಯೇ? ಇಲ್ಲದಿದ್ದರೆ ಸಕ್ಕರೆ ಏರಿದ್ದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಇಂಥ ಜೆಲ್‌ಗಳು ಈಗಾಗಲೇ ಬಳಕೆಗೆ ಬಂದಿವೆಯೇ, ಅಥವಾ ಇದೆಲ್ಲ ಪ್ರಯೋಗಾಲಯದ ಸುದ್ದಿ ಮಾತ್ರವೇ?

ಉತ್ತರ: ಚಿಪ್ ಇಲ್ಲ, ಬ್ಯಾಟರಿಯೂ ಇಲ್ಲ. ಅಲ್ಲಿರುವುದು ನೀರು, ಪಾಲಿಮರ್ ಎಳೆಗಳು (ಸರಪಳಿಯಂತೆ ಉದ್ದನೆಯ ಅಣುಗಳು), ಅವುಗಳ ನಡುವೆ ಸಿಕ್ಕಿಕೊಂಡಿರುವ ಔಷಧ, ಅಷ್ಟೇ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸಕ್ಕರೆಯ ಏರಿಳಿತಕ್ಕೆ ತಕ್ಕಂತೆ ಇನ್ಸುಲಿನ್ ಬಿಡುವ ಜೆಲ್ ಇನ್ನೂ ರೋಗಿಗಳ ಕೈಗೆ ಬಂದಿಲ್ಲ. ಹಾಗೆಂದು ಸ್ಮಾರ್ಟ್ ಜೆಲ್ ಎಂಬುದೇ ಕಟ್ಟುಕಥೆಯಲ್ಲ. ಆ ಜಾತಿಗೆ ಸೇರಿದ ಕಣ್ಣಿನ ಹನಿಯೊಂದು 1990ರ ದಶಕದಿಂದಲೇ ಬಳಕೆಯಲ್ಲಿದೆ; ಒಂದು ಬಗೆಯ ಕ್ಯಾನ್ಸರ್‌ಗೆ ಕೊಡುವ ಇನ್ನೊಂದಕ್ಕೆ 2020ರಲ್ಲಿ ಅನುಮತಿ ಸಿಕ್ಕಿದೆ. ಒಂದು ಗುಂಪು ರೋಗಿಯ ತನಕ ಬಂದಿದೆ, ಇನ್ನೊಂದು ನಾಲ್ಕು ದಶಕ ಕಳೆದರೂ ಪ್ರಯೋಗಾಲಯದ ಹೊಸ್ತಿಲು ದಾಟಿಲ್ಲ. ಯಾಕೆ ಹೀಗೆ ಎಂಬುದು ತಿಳಿದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಸಿಕ್ಕಂತೆ.

ಹೈಡ್ರೋಜೆಲ್ ಎಂದರೆ ನೀರನ್ನು ಹಿಡಿದಿಟ್ಟುಕೊಳ್ಳುವ ಪಾಲಿಮರ್ ಎಳೆಗಳನ್ನು ಅಲ್ಲಲ್ಲಿ ಒಂದಕ್ಕೊಂದು ಗಂಟು ಹಾಕಿ ಮಾಡಿದ ಜಾಲ. ಗಂಟುಗಳು ಇಲ್ಲದಿದ್ದರೆ ಎಳೆಗಳು ನೀರಿನಲ್ಲಿ ಕರಗಿಹೋಗುತ್ತಿದ್ದವು. ಗಂಟು ಇರುವುದರಿಂದ ಕರಗಲಾರವು, ಉಬ್ಬುತ್ತವೆ. ಪ್ರಾಗ್‌ನ ರಸಾಯನವಿಜ್ಞಾನಿ ಒಟ್ಟೊ ವಿಖ್ಟರ್ಲೆ ತಮ್ಮ ಸಹೋದ್ಯೋಗಿ ಲಿಮ್ ಜೊತೆ 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ಲೇಖನದಿಂದ ಈ ವಸ್ತು ವೈದ್ಯಕೀಯಕ್ಕೆ ಕಾಲಿಟ್ಟಿತು. ದೇಹಕ್ಕೆ ಒಗ್ಗುವ, ನೀರು ತುಂಬಿಕೊಂಡ ಪ್ಲಾಸ್ಟಿಕ್ ಅವರ ಗುರಿಯಾಗಿತ್ತು. ಮೆದುವಾದ ಕಾಂಟ್ಯಾಕ್ಟ್ ಲೆನ್ಸ್ ಅದರ ಮೊದಲ ದೊಡ್ಡ ಫಲ. ಲೆನ್ಸ್ ಎರಕ ಹೊಯ್ಯುವ ಮೊದಲ ಯಂತ್ರವನ್ನು ವಿಖ್ಟರ್ಲೆ 1961ರ ಕ್ರಿಸ್‌ಮಸ್ ಸಮಯದಲ್ಲಿ ಮನೆಯಲ್ಲೇ, ಮಕ್ಕಳ ಲೋಹದ ಜೋಡಣೆ ಆಟಿಕೆಯ ಬಿಡಿಭಾಗಗಳಿಂದ ಕಟ್ಟಿದ್ದರು. ಕೋಟಿಗಟ್ಟಲೆ ಹಣದ ಉಪಕರಣವಿಲ್ಲದೆ ಏನೂ ಆಗುವುದಿಲ್ಲ ಎನ್ನುವ ವಿದ್ಯಾರ್ಥಿಗಳಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಇನ್ನು ‘ಗೊತ್ತಾಗುವ’ ವಿಷಯ. ನೀರಿನಲ್ಲಿ ಕೂತ ಜೆಲ್‌ನೊಳಗೆ ಸದಾ ಒಂದು ಜಗ್ಗಾಟ ನಡೆದಿರುತ್ತದೆ. ಎಳೆಗಳು ನೀರಿನೊಂದಿಗೆ ಬೆರೆಯಲು ಹವಣಿಸಿ ಜಾಲವನ್ನು ಹಿಗ್ಗಿಸುತ್ತವೆ; ಗಂಟುಗಳ ನಡುವಿನ ಎಳೆಗಳ ಸ್ಥಿತಿಸ್ಥಾಪಕತೆ ಅದನ್ನು ಹಿಂದಕ್ಕೆ ಸೆಳೆಯುತ್ತದೆ. ಎರಡೂ ಸಮವಾದಲ್ಲಿ ಜೆಲ್ ನಿಲ್ಲುತ್ತದೆ. ಹೊರಗಿನ ಉಷ್ಣತೆ, ಆಮ್ಲೀಯತೆ, ಲವಣ ಅಥವಾ ಸಕ್ಕರೆಯ ಪ್ರಮಾಣ ಬದಲಾಗಿ ಈ ಎರಡು ಬಲಗಳಲ್ಲಿ ಒಂದರ ಕೈ ಮೇಲಾದರೆ ಸಮತೋಲನದ ಜಾಗವೂ ಬದಲಾಗುತ್ತದೆ. ಜೆಲ್ ಉಬ್ಬುತ್ತದೆ ಇಲ್ಲವೇ ಕುಗ್ಗುತ್ತದೆ. ಯಾರೂ ಅಳೆಯುವುದಿಲ್ಲ, ಯಾರೂ ನಿರ್ಧರಿಸುವುದಿಲ್ಲ. ಈ ಬದಲಾವಣೆ ನಿಧಾನವಾಗಿ, ಸ್ವಲ್ಪಸ್ವಲ್ಪವೇ ಆಗಬೇಕೆಂದಿಲ್ಲ ಎಂದು 1978ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಟೊಯೊಇಚಿ ತನಾಕಾ ತೋರಿಸಿಕೊಟ್ಟರು. ಪಾಲಿಅಕ್ರಿಲಮೈಡ್ ಜೆಲ್‌ನ ಸುತ್ತಲಿನ ನೀರು ಮತ್ತು ಅಸಿಟೋನ್‌ಗಳ ಪ್ರಮಾಣವನ್ನೋ ಉಷ್ಣತೆಯನ್ನೋ ತುಸುವೇ ಬದಲಿಸಿದಾಗ ಅದರ ಗಾತ್ರ ಒಮ್ಮೆಲೇ ಹಲವು ಪಟ್ಟು ಕುಸಿಯುತ್ತಿತ್ತು. ನೀರು ಒಂದು ಡಿಗ್ರಿಯ ಅಂತರದಲ್ಲಿ ಮಂಜುಗಡ್ಡೆಯಾಗುವ ಹಾಗೆಯೇ ಜೆಲ್ ಕೂಡ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹಾರಬಲ್ಲದು. ‘ಸ್ಮಾರ್ಟ್’ ಎಂಬ ಮಾತಿನ ಹಿಂದಿರುವ ಭೌತವಿಜ್ಞಾನ ಇಷ್ಟೇ. ಆ ಬಿರುದು ಸ್ವಲ್ಪ ದುಬಾರಿಯಾಯಿತು ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಉಷ್ಣತೆಗೆ ಸ್ಪಂದಿಸುವ ಪಾಲಿಮರ್‌ಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಪಾಲಿ-ಎನ್-ಐಸೊಪ್ರೊಪೈಲ್‌ಅಕ್ರಿಲಮೈಡ್. ಹೆಸರು ಉದ್ದ, ಗುಣ ಸರಳ: ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನೀರನ್ನು ಹೀರಿ ಉಬ್ಬಿರುತ್ತದೆ, ಅದಕ್ಕಿಂತ ಮೇಲೆ ನೀರನ್ನು ಹೊರದಬ್ಬಿ ಮುದುಡಿಕೊಳ್ಳುತ್ತದೆ. ಬಿಸಿಯಾದಾಗ ಹೆಚ್ಚು ಕರಗಬೇಕಿತ್ತಲ್ಲ ಎಂದು ಕೇಳುತ್ತೀರಿ. ತಣ್ಣಗಿರುವಾಗ ನೀರಿನ ಅಣುಗಳು ಎಳೆಯ ಸುತ್ತ ಶಿಸ್ತಾಗಿ ಸಾಲುಗಟ್ಟಿ ಅದನ್ನು ಹಿಡಿದಿರುತ್ತವೆ. ಬಿಸಿ ಏರಿದಂತೆ ಆ ಶಿಸ್ತು ಉಳಿಸಿಕೊಳ್ಳುವುದು ದುಬಾರಿಯಾಗಿ ನೀರು ಬಿಟ್ಟುಹೋಗುತ್ತದೆ. ಎಳೆಯಲ್ಲಿರುವ, ನೀರನ್ನು ಒಲ್ಲದ ಭಾಗಗಳು ಒಂದನ್ನೊಂದು ಅಪ್ಪಿಕೊಳ್ಳುತ್ತವೆ. ದೇಹದ ಉಷ್ಣತೆ 37 ಡಿಗ್ರಿಯಾದ್ದರಿಂದ 32 ಎಂಬ ಅಂಕಿ ಔಷಧದವರ ಕಣ್ಣಿಗೆ ಬೀಳದೆ ಇರುತ್ತದೆಯೇ? ಆದರೆ ಈ ಪಾಲಿಮರ್ ದೇಹದಲ್ಲಿ ಚೂರಾಗಿ ಕರಗಿಹೋಗುವಂಥದ್ದಲ್ಲ. ಇನ್ನೊಂದು ತೊಡಕೂ ಇದೆ. ಥಟ್ಟನೆ ಬಿಸಿ ಮಾಡಿದರೆ ಹೊರಪದರ ಮೊದಲು ಕುಗ್ಗಿ ಗಟ್ಟಿ ಸಿಪ್ಪೆಯಾಗುತ್ತದೆ. ಶುರುವಿನಲ್ಲಿ ಒಂದಿಷ್ಟು ಔಷಧ ಹಿಂಡಿದಂತೆ ಹೊರಬರುತ್ತದೆ, ಆಮೇಲೆ ಆ ಸಿಪ್ಪೆಯೇ ಒಳಗಿನದನ್ನು ತಡೆಯುತ್ತದೆ. ಹೀಗಾಗಿ ಲೇಖನಗಳಲ್ಲಿ ಇದರ ಹೆಸರು ಕಾಣುವಷ್ಟು ಔಷಧಗಳಲ್ಲಿ ಕಾಣುವುದಿಲ್ಲ.

ಆಮ್ಲೀಯತೆಯ ಕಥೆ ಇನ್ನೂ ನೇರ. ಎಳೆಯ ಮೇಲೆ ಕಾರ್ಬಾಕ್ಸಿಲಿಕ್ ಆಮ್ಲದ ಗುಂಪುಗಳಿದ್ದರೆ, ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) 1ರಿಂದ 3ರಷ್ಟಿರುವ ಜಠರದಲ್ಲಿ ಅವು ವಿದ್ಯುದಂಶವಿಲ್ಲದೆ ಸುಮ್ಮನಿರುತ್ತವೆ, ಜಾಲ ಮುಚ್ಚಿಕೊಂಡಿರುತ್ತದೆ. ಪಿಎಚ್ 6ರಿಂದ 7ರ ಆಸುಪಾಸಿನ ಸಣ್ಣ ಕರುಳಿಗೆ ಬಂದಾಗ ಅವು ಪ್ರೋಟಾನ್ ಕಳೆದುಕೊಂಡು ಋಣ ವಿದ್ಯುದಂಶ ಪಡೆಯುತ್ತವೆ, ಒಂದನ್ನೊಂದು ದೂಡುತ್ತವೆ, ಜೆಲ್ ಉಬ್ಬುತ್ತದೆ. ನಿಕೊಲಸ್ ಪೆಪ್ಪಾಸ್ ಮತ್ತು ಅವರ ತಂಡ 1990ರ ದಶಕದಲ್ಲಿ ಮೆಥಾಕ್ರಿಲಿಕ್ ಆಮ್ಲ ಹಾಗೂ ಪಾಲಿಎಥಿಲೀನ್ ಗ್ಲೈಕಾಲ್ ಸೇರಿಸಿ ಮಾಡಿದ ಇಂಥ ಜೆಲ್‌ನಲ್ಲಿ ಇನ್ಸುಲಿನ್ ತುಂಬಿ, ಪ್ರಾಣಿಗಳಿಗೆ ಬಾಯಿಯ ಮೂಲಕ ಕೊಟ್ಟು ಸಕ್ಕರೆ ಇಳಿಸಿ ತೋರಿಸಿದರು. ಜಠರದ ಆಮ್ಲದಿಂದ ಇನ್ಸುಲಿನ್ ಉಳಿಯಿತು, ನಿಜ. ಆದರೆ ಕರುಳಿನ ಗೋಡೆ ದಾಟಿ ರಕ್ತ ಸೇರಿದ್ದು ಕೊಟ್ಟಿದ್ದರಲ್ಲಿ ಸ್ವಲ್ಪ ಭಾಗ ಮಾತ್ರ. ಇನ್ಸುಲಿನ್‌ನಂಥ ದೊಡ್ಡ ಅಣುವಿಗೆ ಆ ಗೋಡೆಯೇ ಮುಖ್ಯ ಅಡ್ಡಿ. ಜೆಲ್ ತನ್ನ ಕೆಲಸ ಮಾಡಿತು, ಕಷ್ಟವಿದ್ದದ್ದು ಮುಂದಿನ ಹೆಜ್ಜೆಯಲ್ಲಿ.

ಔಷಧವನ್ನು ಜಾಲದಲ್ಲಿ ಹಿಡಿದಿಡುವುದೇ ಒಂದು ಸಮಸ್ಯೆ ಎಂಬುದನ್ನು ಸುದ್ದಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಹೈಡ್ರೋಜೆಲ್ ಬಲೆಯ ಕಣ್ಣಿನ ಅಳತೆ ಸಾಮಾನ್ಯವಾಗಿ 5ರಿಂದ 100 ನ್ಯಾನೋಮೀಟರ್. ಮಾತ್ರೆಗಳಲ್ಲಿ ನಾವು ನುಂಗುವ ಬಹುಪಾಲು ಔಷಧಗಳ ಅಣು ಸುಮಾರು ಒಂದು ನ್ಯಾನೋಮೀಟರ್. ಅವು ಈ ಬಲೆಯಲ್ಲಿ ನಿಲ್ಲುವುದೇ ಇಲ್ಲ, ಕೆಲವು ಗಂಟೆಗಳಲ್ಲಿ ಸೋರಿಹೋಗುತ್ತವೆ. ಇನ್ಸುಲಿನ್ ಕೂಡ ಕೆಲವೇ ನ್ಯಾನೋಮೀಟರ್ ಗಾತ್ರದ್ದು. ಪ್ರತಿಕಾಯಗಳಂಥ ದೊಡ್ಡ ಪ್ರೋಟೀನ್‌ಗಳು ಮಾತ್ರ ಸ್ವಲ್ಪ ಹೊತ್ತು ತಡೆದು ನಿಂತಾವು. ಜೊತೆಗೆ ವಿಸರಣೆಯ, ಅಂದರೆ ಅಣುಗಳು ತಾವಾಗಿಯೇ ಹರಡಿಕೊಳ್ಳುವುದರ, ಲೆಕ್ಕವೂ ನಮಗೆ ಅನುಕೂಲವಾಗಿಲ್ಲ. ಸಾದಾ ಜೆಲ್‌ನಿಂದ ಹೊರಬರುವ ಔಷಧದ ಪ್ರಮಾಣ ಮೊದಮೊದಲು ಸಮಯದ ವರ್ಗಮೂಲದಂತೆ ಏರುತ್ತದೆ. ಎರಡು ಪಟ್ಟು ಔಷಧ ಬರಬೇಕಾದರೆ ನಾಲ್ಕು ಪಟ್ಟು ಸಮಯ ಬೇಕು. ಅಂದರೆ ಮೊದಲ ಗಂಟೆಗಳಲ್ಲಿ ಧಾರಾಳ, ಆಮೇಲೆ ಬರ. ಮೇಲ್ಮೈಯಲ್ಲಿ ಅಂಟಿಕೊಂಡಿದ್ದ ಔಷಧ ಒಮ್ಮೆಗೇ ನುಗ್ಗುವುದೂ ಸೇರಿದರೆ ಶುರುವಿನ ಡೋಸ್ ಅಪಾಯಕಾರಿಯಾಗಬಹುದು. ಇದನ್ನು ತಡೆಯಲು ಔಷಧವನ್ನು ಎಳೆಗೇ ರಾಸಾಯನಿಕವಾಗಿ ಕಟ್ಟುತ್ತಾರೆ, ವಿರುದ್ಧ ವಿದ್ಯುದಂಶದಿಂದ ಹಿಡಿಯುತ್ತಾರೆ, ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಉಂಗುರದ ಆಕಾರದ ಅಣುವಿನೊಳಗೆ ಕೂರಿಸುತ್ತಾರೆ, ಇಲ್ಲವೇ ಪುಟ್ಟ ಕಣಗಳಲ್ಲಿ ತುಂಬಿ ಆ ಕಣಗಳನ್ನು ಜೆಲ್‌ನಲ್ಲಿ ಇಡುತ್ತಾರೆ.

ಇಷ್ಟು ಹಿನ್ನೆಲೆಯೊಂದಿಗೆ ನಿಮ್ಮ ಇನ್ಸುಲಿನ್ ಜೆಲ್‌ಗೆ ಬರೋಣ. ಗ್ಲೂಕೋಸನ್ನು ‘ನೋಡಲು’ ಮುಖ್ಯವಾಗಿ ಮೂರು ದಾರಿಗಳನ್ನು ಪ್ರಯತ್ನಿಸಿದ್ದಾರೆ. ಮೊದಲನೆಯದು ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ. ಇದು ಗ್ಲೂಕೋಸನ್ನು ಗ್ಲುಕೋನಿಕ್ ಆಮ್ಲವಾಗಿಸುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಜೆಲ್‌ನೊಳಗೆ ಆಮ್ಲ ಹೆಚ್ಚು. ಎಳೆಗಳ ಮೇಲಿನ ಅಮೈನ್ ಗುಂಪುಗಳು ಪ್ರೋಟಾನ್ ಹಿಡಿದು ಒಂದನ್ನೊಂದು ದೂಡುತ್ತವೆ, ಜಾಲ ಉಬ್ಬುತ್ತದೆ, ಇನ್ಸುಲಿನ್ ಹೊರಬೀಳುತ್ತದೆ. ಕಾಗದದ ಮೇಲೆ ಬಹಳ ಚೆಂದ. ಆದರೆ ಈ ಕ್ರಿಯೆಗೆ ಆಮ್ಲಜನಕ ಬೇಕು, ಚರ್ಮದ ಕೆಳಗಿನ ದ್ರವದಲ್ಲಿ ಗ್ಲೂಕೋಸ್‌ಗೆ ಹೋಲಿಸಿದರೆ ಆಮ್ಲಜನಕ ತೀರ ಕಡಿಮೆ. ಉಪೋತ್ಪನ್ನವಾಗಿ ಹೈಡ್ರೋಜನ್ ಪೆರಾಕ್ಸೈಡ್ ಬೇರೆ ಹುಟ್ಟುತ್ತದೆ. ಅದು ಕಿಣ್ವವನ್ನೂ ಸುತ್ತಲಿನ ಅಂಗಾಂಶವನ್ನೂ ಕೆಡಿಸುತ್ತದೆ. ಅದನ್ನು ಒಡೆಯಲು ಕ್ಯಾಟಲೇಸ್ ಎಂಬ ಮತ್ತೊಂದು ಕಿಣ್ವ ಸೇರಿಸಬೇಕು. ಸಾಲದ್ದಕ್ಕೆ ದೇಹದ ದ್ರವಗಳು ಪಿಎಚ್ ಬದಲಾಗದಂತೆ ಕಾಯುವುದರಲ್ಲಿ ನಿಸ್ಸೀಮ.

ಎರಡನೆಯದು ಲೆಕ್ಟಿನ್, ಅಂದರೆ ಸಕ್ಕರೆಗೆ ಅಂಟಿಕೊಳ್ಳುವ ಪ್ರೋಟೀನ್. ಮೈಕೇಲ್ ಬ್ರೌನ್‌ಲೀ ಮತ್ತು ಆಂಥೊನಿ ಸೆರಾಮಿ 1979ರಲ್ಲೇ ಮುಂದಿಟ್ಟ ಉಪಾಯ ಇದು. ಕಾಂಕನವಾಲಿನ್-ಎ ಎಂಬ ಸಸ್ಯಜನ್ಯ ಪ್ರೋಟೀನ್‌ಗೆ ಸಕ್ಕರೆ ಜೋಡಿಸಿದ ಇನ್ಸುಲಿನ್ನನ್ನು ಅಂಟಿಸಿಟ್ಟರೆ, ಹೊರಗಿನಿಂದ ಬಂದ ಗ್ಲೂಕೋಸ್ ಆ ಜಾಗಕ್ಕೆ ಪೈಪೋಟಿ ಮಾಡಿ ಇನ್ಸುಲಿನ್ನನ್ನು ಬಿಡಿಸುತ್ತದೆ. ಇದರಷ್ಟು ಜಾಣ ಉಪಾಯ ಈ ಕ್ಷೇತ್ರದಲ್ಲಿ ಕಡಿಮೆ. ಆದರೆ ಆ ಪ್ರೋಟೀನ್ ಸೋರಿದರೆ ರೋಗನಿರೋಧಕ ಕಣಗಳನ್ನು ಕೆರಳಿಸುತ್ತದೆ. ಅಲ್ಲಿಗೆ ಅದರ ದಾರಿ ಬಹುಮಟ್ಟಿಗೆ ಮುಚ್ಚಿತು.

ಮೂರನೆಯದು ಫೀನೈಲ್‌ಬೋರಾನಿಕ್ ಆಮ್ಲ. ಪ್ರೋಟೀನ್ ಅಲ್ಲ, ಪುಟ್ಟ ರಾಸಾಯನಿಕ ಗುಂಪು, ಕೆಡುವುದಿಲ್ಲ, ಅಗ್ಗ. ಗ್ಲೂಕೋಸ್ ಇದಕ್ಕೆ ಅಂಟಿಕೊಂಡಾಗ ವಿದ್ಯುದಂಶ ಪಡೆದ ರೂಪ ಹೆಚ್ಚಾಗಿ ಜಾಲ ಉಬ್ಬುತ್ತದೆ. ಇದರ ತೊಂದರೆ ಎರಡು. ಸಾದಾ ರೂಪದಲ್ಲಿ ಇದು ಚೆನ್ನಾಗಿ ಕೆಲಸ ಮಾಡುವುದು ರಕ್ತದ 7.4ಕ್ಕಿಂತ ಮೇಲಿನ ಪಿಎಚ್‌ನಲ್ಲಿ. ಇನ್ನೊಂದು, ಇದರ ಒಲವು ಗ್ಲೂಕೋಸ್‌ಗಿಂತ ಫ್ರಕ್ಟೋಸ್ ಕಡೆಗೆ ಹೆಚ್ಚು. ಅಣುವಿಗೆ ಬೇರೆ ಬೇರೆ ಬಾಲ ಜೋಡಿಸಿ ಈ ಎರಡನ್ನೂ ಸುಮಾರಾಗಿ ತಿದ್ದಿದ್ದಾರೆ. ಈಗ ನಡೆಯುತ್ತಿರುವ ಕೆಲಸದಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಈ ಕವಲಿನಲ್ಲೇ.

ಸಂವೇದನೆಯ ಪ್ರಶ್ನೆ ಬಗೆಹರಿದರೂ ಇನ್ನೆರಡು ಸಂಗತಿಗಳು ಬೆನ್ನು ಬಿಡುವುದಿಲ್ಲ. ಒಂದು ಸಮಯ. ಜೆಲ್ ಉಬ್ಬಲು ನೀರು ಒಳಗೆ ಇಳಿಯಬೇಕು, ಇಡೀ ಜಾಲ ಸರಿದು ಜಾಗ ಕೊಡಬೇಕು. ತನಾಕಾ ಮತ್ತು ಫಿಲ್‌ಮೋರ್ 1979ರಲ್ಲಿ ತೋರಿಸಿದಂತೆ ಇದಕ್ಕೆ ಬೇಕಾಗುವ ಕಾಲ ಜೆಲ್‌ನ ಅಳತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸಾಮಾನ್ಯ ಜೆಲ್‌ಗಳ ಗುಣಾಂಕ ಹಿಡಿದು ಲೆಕ್ಕ ಹಾಕಿದರೆ ಒಂದು ಮಿಲಿಮೀಟರ್ ತ್ರಿಜ್ಯದ ಜೆಲ್ ಗೋಲಿಗೆ ಸುಮಾರು ಮೂರು ಗಂಟೆ. 0.1 ಮಿಲಿಮೀಟರ್‌ಗೆ ಇಳಿಸಿದರೆ ಒಂದೂವರೆ ನಿಮಿಷದ ಆಸುಪಾಸು. 10 ಮೈಕ್ರಾನ್‌ಗೆ ಒಂದು ಸೆಕೆಂಡ್. ಊಟವಾದ ಅರ್ಧ ಮುಕ್ಕಾಲು ಗಂಟೆಯಲ್ಲಿ ಸಕ್ಕರೆ ಏರಿ ನಿಂತಿರುತ್ತದೆ. ಮೂರು ಗಂಟೆ ತಡವಾಗಿ ಎಚ್ಚೆತ್ತ ಜೆಲ್ ಇನ್ಸುಲಿನ್ ಬಿಡುವ ಹೊತ್ತಿಗೆ ಸಕ್ಕರೆ ಇಳಿಮುಖವಾಗಿದ್ದರೆ ಅದು ಔಷಧವಲ್ಲ, ವಿಷ. ಹಾಗಾದರೆ ಪುಟ್ಟ ಕಣಗಳನ್ನೇ ಮಾಡೋಣ ಎಂದರೆ, ಕಣ ಚಿಕ್ಕದಾದಷ್ಟೂ ಮೇಲ್ಮೈ ಹೆಚ್ಚು, ಸೋರಿಕೆಯೂ ಹೆಚ್ಚು. ಒಮ್ಮೆ ಚುಚ್ಚಿದ ಲಕ್ಷಾಂತರ ಕಣಗಳನ್ನು ವಾಪಸ್ ತೆಗೆಯುವ ದಾರಿಯೂ ಇಲ್ಲ.

ಇನ್ನೊಂದು ನಿಲ್ಲಿಸುವ ಪ್ರಶ್ನೆ. ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ದಿನಕ್ಕೆ 40 ಯೂನಿಟ್ ಬೇಕಾದವರಿಗೆ ಹತ್ತು ದಿನದ ಇನ್ಸುಲಿನ್ ಒಮ್ಮೆಗೇ ದೇಹದೊಳಗೆ ಇಟ್ಟಿದ್ದೀರಿ ಎಂದುಕೊಳ್ಳಿ: 400 ಯೂನಿಟ್. ಮಲಗಿದ ಹೊತ್ತಿನಲ್ಲಿ ಅದರ ಶೇ. 5ರಷ್ಟು ಸೋರಿದರೆ 20 ಯೂನಿಟ್, ಅಂದರೆ ಅರ್ಧ ದಿನದ ಡೋಸ್. ಬೇರೆ ಔಷಧಗಳಲ್ಲಿ ಶೇ. 5ರ ಸೋರಿಕೆಯನ್ನು ನಾವು ಹೆಮ್ಮೆಯಿಂದ ವರದಿ ಮಾಡುತ್ತೇವೆ. ಇನ್ಸುಲಿನ್‌ನಲ್ಲಿ ಅದು ಜೀವಕ್ಕೆ ಎರವಾಗಬಹುದು. ಸಕ್ಕರೆ ಒಂದಿಷ್ಟು ಹೊತ್ತು ಹೆಚ್ಚಿದ್ದರೆ ದೇಹ ತಾಳಿಕೊಳ್ಳುತ್ತದೆ, ತೀರ ಇಳಿದರೆ ಮಿದುಳು ತಾಳಿಕೊಳ್ಳುವುದಿಲ್ಲ. ಆದ್ದರಿಂದ ಬಾಗಿಲು ತೆರೆಯುವುದಕ್ಕಿಂತ ಭದ್ರವಾಗಿ ಮುಚ್ಚುವುದು ಮುಖ್ಯ, ಅದನ್ನೂ ದಿನಕ್ಕೆ ಹಲವು ಸಲ, ವಾರಗಟ್ಟಲೆ ತಪ್ಪಿಲ್ಲದೆ ಮಾಡಬೇಕು. ಈ ನಡುವೆ ದೇಹವೂ ಸುಮ್ಮನಿರುವುದಿಲ್ಲ. ಹೊರವಸ್ತುವಿನ ಸುತ್ತ ನಾರಿನ ಕವಚ ಕಟ್ಟುತ್ತದೆ, ಗ್ಲೂಕೋಸ್ ಒಳಬರುವುದೂ ಇನ್ಸುಲಿನ್ ಹೊರಹೋಗುವುದೂ ಇನ್ನಷ್ಟು ತಡವಾಗುತ್ತದೆ. ಇನ್ಸುಲಿನ್ ಕೂಡ 37 ಡಿಗ್ರಿಯಲ್ಲಿ ದಿನಗಟ್ಟಲೆ ಕೂತರೆ ನಾರುಗಟ್ಟಿ ನಿಷ್ಕ್ರಿಯವಾಗುತ್ತ ಹೋಗುತ್ತದೆ.

ಈಗ ಗೆದ್ದವುಗಳನ್ನು ನೋಡಿ, ವ್ಯತ್ಯಾಸ ಎದ್ದು ಕಾಣುತ್ತದೆ. ಗ್ಲಾಕೋಮಾಕ್ಕೆ ಕೊಡುವ ಟಿಮೊಲಾಲ್ ಹನಿಯ ಜೆಲ್ ರೂಪ ಟಿಮಾಪ್ಟಿಕ್-ಎಕ್ಸ್‌ಇ ಅಮೆರಿಕದಲ್ಲಿ 1993ರಲ್ಲಿ ಬಳಕೆಗೆ ಬಂತು. ಅದರಲ್ಲಿರುವುದು ಜೆಲ್ಲನ್ ಎಂಬ, ಬ್ಯಾಕ್ಟೀರಿಯಾ ತಯಾರಿಸುವ ಅಂಟು. ಶೀಶೆಯಲ್ಲಿ ಹನಿಯಾಗಿ ಹರಿಯುತ್ತದೆ, ಕಣ್ಣೀರಿನ ಲವಣದ ಅಯಾನುಗಳು ತಗುಲಿದೊಡನೆ ಜೆಲ್ ಆಗುತ್ತದೆ. ಸಾದಾ ಹನಿ ಕಣ್ಣೀರಿನೊಂದಿಗೆ ಬೇಗ ಹರಿದುಹೋಗುವುದರಿಂದ ದಿನಕ್ಕೆ ಎರಡು ಸಲ ಹಾಕಬೇಕು, ಇದನ್ನು ಒಮ್ಮೆ ಹಾಕಿದರೆ ಸಾಕು. ಇಲ್ಲಿ ಜೆಲ್ ಒಂದೇ ಒಂದು ಸಲ ಸ್ಪಂದಿಸಬೇಕು. ಕಣ್ಣೀರಿನಲ್ಲಿ ಲವಣ ಇಲ್ಲದ ಮನುಷ್ಯನಿಲ್ಲ, ಹಾಗಾಗಿ ಪ್ರಚೋದನೆ ತಪ್ಪುವ ಭಯವೂ ಇಲ್ಲ.

2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಜೆಲ್‌ಮೈಟೊ ಇದೇ ತರ್ಕದ್ದು. ಮೂತ್ರಪಿಂಡದಿಂದ ಮೂತ್ರ ಇಳಿಯುವ ದಾರಿಯಲ್ಲಿ ಹುಟ್ಟುವ, ಕಡಿಮೆ ತೀವ್ರತೆಯ ಕ್ಯಾನ್ಸರ್‌ಗೆ ಮೈಟೊಮೈಸಿನ್ ಕೊಡಬೇಕು. ನೀರಿನಲ್ಲಿ ಕರಗಿಸಿ ಕೊಟ್ಟರೆ ಮೂತ್ರದ ಜೊತೆ ನಿಮಿಷಗಳಲ್ಲಿ ಹೊರಟುಹೋಗುತ್ತದೆ. ಅದನ್ನು ಉಷ್ಣತೆಗೆ ಸ್ಪಂದಿಸುವ ಪಾಲಿಮರ್ ದ್ರಾವಣದಲ್ಲಿ ಬೆರೆಸಿ, ತಣ್ಣಗೆ ಇಟ್ಟು, ತೆಳ್ಳನೆಯ ಕೊಳವೆಯ ಮೂಲಕ ಒಳಗೆ ಬಿಡುತ್ತಾರೆ. ದೇಹದ ಬಿಸಿಗೆ ಅದು ಅಲ್ಲೇ ಗಟ್ಟಿಯಾಗಿ ಕೂತು, ಕೆಲವು ಗಂಟೆಗಳಲ್ಲಿ ಮೂತ್ರದಲ್ಲಿ ಕರಗುತ್ತ ಔಷಧ ಬಿಡುತ್ತದೆ. ವಾರಕ್ಕೊಂದರಂತೆ ಆರು ಸಲ. ಅನುಮತಿಗೆ ಆಧಾರವಾದ 71 ರೋಗಿಗಳ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಗೆಡ್ಡೆ ಪೂರ್ತಿ ಮಾಯವಾಯಿತು. ಅಷ್ಟೇ ದೊಡ್ಡ ಪ್ರಮಾಣದ ರೋಗಿಗಳಲ್ಲಿ ಮೂತ್ರನಾಳ ಕಟ್ಟಿಕೊಳ್ಳುವ ತೊಂದರೆಯೂ ಕಂಡಿತು. ಆದರೂ ಕೆಲವರಿಗೆ ಇದು ಮೂತ್ರಪಿಂಡವನ್ನೇ ತೆಗೆಸಿಕೊಳ್ಳುವುದನ್ನು ತಪ್ಪಿಸಬಲ್ಲ ಚಿಕಿತ್ಸೆ.

ಈ ಎರಡರಲ್ಲೂ ಜೆಲ್‌ನ ಜಾಣತನ ಖರ್ಚಾಗಿರುವುದು ಔಷಧವನ್ನು ಒಂದು ಜಾಗದಲ್ಲಿ ನಿಲ್ಲಿಸಲು. ಎಷ್ಟು ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ತೀರ್ಮಾನ ಅದರ ಪಾಲಿಗೆ ಬಂದಿಲ್ಲ. ಅದು ಕರಗುವ ವೇಗಕ್ಕೆ ಬಿಟ್ಟದ್ದು. ರೋಗಿಯನ್ನು ತಲುಪಿದ ಇತರ ಹೈಡ್ರೋಜೆಲ್‌ಗಳು ಇನ್ನೂ ಸಾಧು ಸ್ವಭಾವದವು. ಅಕಾಲ ಪ್ರೌಢತೆಗೆ ಮಕ್ಕಳ ತೋಳಿನಲ್ಲಿ ಇಡುವ ಸಪ್ರೆಲಿನ್ ಎಲ್‌ಎ ಎಂಬ ಪುಟ್ಟ ಕೊಳವೆ 50 ಮಿಲಿಗ್ರಾಂ ಹಿಸ್ಟ್ರೆಲಿನ್ ಎಂಬ ಔಷಧ ಹೊತ್ತು, ದಿನಕ್ಕೆ ಸುಮಾರು 65 ಮೈಕ್ರೋಗ್ರಾಂನಂತೆ ಒಂದು ವರ್ಷ ಬಿಡುತ್ತದೆ. ಅದರ ಗೋಡೆ ವಿಖ್ಟರ್ಲೆಯ ಲೆನ್ಸ್ ವಸ್ತುವಿನ ಹತ್ತಿರದ ಸಂಬಂಧಿ. ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಕಣ್ಣೀರಿನ ನಾಳದ ಬಾಯಲ್ಲಿ ಇಡುವ ಡೆಕ್ಸ್‌ಟೆನ್ಜಾ, ಉರಿಯೂತ ಇಳಿಸುವ 0.4 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಅನ್ನು 30 ದಿನಗಳವರೆಗೆ ಬಿಟ್ಟು ತಾನೇ ಕರಗಿಹೋಗುತ್ತದೆ. ಇವುಗಳಲ್ಲಿ ಪ್ರಚೋದನೆಗೆ ಸ್ಪಂದಿಸುವ ಗುಣವೇ ಇಲ್ಲ.

ನಿಲ್ಲಿಸುವ ಪ್ರಶ್ನೆಗೆ ನಾನು ಕಂಡ ಅತ್ಯಂತ ಅಚ್ಚುಕಟ್ಟಾದ ಉತ್ತರ ಹೆರಿಗೆ ಪ್ರಾರಂಭಿಸಲು ಬಳಸುವ ಸರ್ವಿಡಿಲ್‌ನಲ್ಲಿದೆ. 10 ಮಿಲಿಗ್ರಾಂ ಡೈನೊಪ್ರೋಸ್ಟೋನ್ ತುಂಬಿದ ಚಪ್ಪಟೆ ಹೈಡ್ರೋಜೆಲ್ ತುಂಡು ಗಂಟೆಗೆ ಸುಮಾರು 0.3 ಮಿಲಿಗ್ರಾಂ ಔಷಧ ಬಿಡುತ್ತದೆ. ಅದಕ್ಕೊಂದು ಉದ್ದನೆಯ ದಾರದ ಪಟ್ಟಿ ಕಟ್ಟಿರುತ್ತಾರೆ. ಗರ್ಭಕೋಶ ಅತಿಯಾಗಿ ಸಂಕುಚಿಸತೊಡಗಿದರೆ ವೈದ್ಯರೋ ದಾದಿಯೋ ದಾರ ಹಿಡಿದು ಎಳೆದುಬಿಡುತ್ತಾರೆ. ರಕ್ತದಲ್ಲಿ ಆ ಔಷಧ ಉಳಿಯುವುದು ಕೆಲವೇ ನಿಮಿಷವಾದ್ದರಿಂದ ಪರಿಣಾಮವೂ ಬೇಗ ಇಳಿಯುತ್ತದೆ. ದಾರವನ್ನು ಯಾರೂ ಸ್ಮಾರ್ಟ್ ಎನ್ನುವುದಿಲ್ಲ, ಆದರೆ ಅದು ಕೈಕೊಟ್ಟದ್ದೂ ಅಪರೂಪ.

ತೀರ್ಮಾನವನ್ನು ಮನುಷ್ಯರ ಕೈಯಲ್ಲೇ ಉಳಿಸುವ ಬೇರೆ ಪ್ರಯತ್ನಗಳೂ ಇವೆ. ಕಡಲಪಾಚಿಯಿಂದ ಸಿಗುವ ಆಲ್ಜಿನೇಟ್ ಎಳೆಗಳನ್ನು ಕ್ಯಾಲ್ಸಿಯಂನಿಂದ ಗಂಟು ಹಾಕಿ ಮಾಡಿದ ಜೆಲ್‌ಗೆ ಹೊರಗಿನಿಂದ ಅಲ್ಟ್ರಾಸೌಂಡ್ ಹಾಯಿಸಿದರೆ ಗಂಟುಗಳು ಬಿಚ್ಚಿ ಔಷಧ ಬರುತ್ತದೆ. ಅಲ್ಟ್ರಾಸೌಂಡ್ ನಿಲ್ಲಿಸಿದರೆ ಸುತ್ತಲಿನ ಕ್ಯಾಲ್ಸಿಯಂ ಅಯಾನುಗಳೇ ಗಂಟುಗಳನ್ನು ಮತ್ತೆ ಕಟ್ಟುತ್ತವೆ. ಡೇವಿಡ್ ಮೂನಿ ಅವರ ತಂಡ 2014ರಲ್ಲಿ ಇದನ್ನು ತೋರಿಸಿತು. ಬೆಳಕು, ಆಯಸ್ಕಾಂತ ಬಳಸುವವರೂ ಇದ್ದಾರೆ. ಬೆಳಕು ಅಂಗಾಂಶದೊಳಗೆ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ ಎಂಬುದು ಅದರ ಮಿತಿ. ಉರಿಯೂತವಿದ್ದಲ್ಲಿ ಹೆಚ್ಚುವ ಕಿಣ್ವಗಳು ಕತ್ತರಿಸುವಂತೆ ಗಂಟುಗಳನ್ನು ರೂಪಿಸುವುದು ನನಗೆ ಇಷ್ಟವಾದ ದಾರಿ. ಕೀಲುಗಳ ಊತ ಏರಿದಾಗ ಕಿಣ್ವ ಹೆಚ್ಚುತ್ತದೆ, ಔಷಧ ಹೊರಬರುತ್ತದೆ. ಇಲ್ಲಿ ನಿಮಿಷಗಳ ಲೆಕ್ಕ ಬೇಕಿಲ್ಲ, ದಿನಗಳ ಲೆಕ್ಕ ಸಾಕು, ಸ್ವಲ್ಪ ಸೋರಿದರೂ ಪ್ರಾಣಾಪಾಯವಿಲ್ಲ. ನಿಧಾನದ ಜೆಲ್‌ಗೆ ನಿಧಾನದ ರೋಗವೇ ಸರಿಜೋಡಿ. ಗೆಡ್ಡೆಯ ಆಮ್ಲೀಯತೆ ನೋಡಿ ಔಷಧ ಬಿಡುವ ಜೆಲ್ ಬಗ್ಗೆ ಮಾತ್ರ ನನಗೆ ಅನುಮಾನ ಇದೆ. ರಕ್ತದ 7.4ಕ್ಕೂ ಗೆಡ್ಡೆಯ ಸುಮಾರು 6.5ರಿಂದ 7ಕ್ಕೂ ಇರುವ ಅಂತರ ತೀರ ಕಿರಿದು, ಅದೂ ಒಂದೇ ಗೆಡ್ಡೆಯೊಳಗೆ ಜಾಗದಿಂದ ಜಾಗಕ್ಕೆ ಬೇರೆ.

ಜೆಲ್ ಸರಿಯಾಗಿ ನಡೆದುಕೊಂಡರೂ ಚಿಕಿತ್ಸೆ ಸೋಲಬಹುದು ಎಂಬುದಕ್ಕೆ ಆಂಕೊಜೆಲ್ ಉದಾಹರಣೆ. ದೇಹದ ಬಿಸಿಗೆ ಗಟ್ಟಿಯಾಗಿ, ನಿಧಾನವಾಗಿ ಕರಗುವ ಪಾಲಿಮರ್‌ನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧ ಬೆರೆಸಿ ಅನ್ನನಾಳದ ಗೆಡ್ಡೆಗೇ ಚುಚ್ಚುವ ಯೋಜನೆ. ಎರಡನೇ ಹಂತದ ಪ್ರಯೋಗದಲ್ಲಿ, ಕೀಮೊ ಮತ್ತು ವಿಕಿರಣ ಚಿಕಿತ್ಸೆಯ ಜೊತೆ ಇದನ್ನು ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ತಯಾರಿಕೆಯ ಕಷ್ಟಗಳು ಬೇರೆಯೇ ಇವೆ: ತೊಂಬತ್ತು ಪಾಲು ನೀರಿರುವ ವಸ್ತುವನ್ನು ಬಿಸಿ ಮಾಡಿಯೋ ವಿಕಿರಣ ಹಾಯಿಸಿಯೋ ಕ್ರಿಮಿಶುದ್ಧಿ ಮಾಡಿದರೆ ಜಾಲವೂ ಒಳಗಿನ ಪ್ರೋಟೀನೂ ಬದಲಾಗಬಹುದು.

ನಿಮ್ಮ ತಂದೆಯವರ ಮಾತಿಗೆ ಬಂದರೆ, ಜೆಲ್ ಮಾಡಬೇಕೆಂದು ಬಯಸಿದ್ದ ಕೆಲಸವನ್ನು ಸದ್ಯಕ್ಕೆ ಎಲೆಕ್ಟ್ರಾನಿಕ್ಸ್ ಮಾಡುತ್ತಿದೆ. ಚರ್ಮದ ಕೆಳಗಿನ ಗ್ಲೂಕೋಸ್ ಸೆನ್ಸರ್, ಸೊಂಟಕ್ಕೆ ಕಟ್ಟುವ ಪಂಪ್, ನಡುವೆ ಲೆಕ್ಕ ಹಾಕುವ ತಂತ್ರಾಂಶ ಸೇರಿದ ಮೊದಲ ಭಾಗಶಃ ಸ್ವಯಂಚಾಲಿತ ವ್ಯವಸ್ಥೆಗೆ 2016ರಲ್ಲಿ ಎಫ್‌ಡಿಎ ಅನುಮತಿ ಸಿಕ್ಕಿತು. ಸಕ್ಕರೆ ಇಳಿಯುತ್ತಿದ್ದರೆ ಪಂಪ್ ನಿಲ್ಲುತ್ತದೆ. ಜೆಲ್‌ಗೆ ಈ ಭದ್ರತೆ ಇನ್ನೂ ಒಲಿದಿಲ್ಲ. ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುವವರಿಗೆ ಪಂಪ್ ಬೇಡವೆನಿಸಿದರೂ ಸೆನ್ಸರ್ ಒಂದರಿಂದಲೇ ಎಷ್ಟೋ ಅನುಕೂಲ. ಅದು ಅವರಿಗೆ ಹೊಂದುತ್ತದೆಯೇ ಎಂದು ಅವರನ್ನು ನೋಡುವ ವೈದ್ಯರನ್ನು ಕೇಳಿ. ಇನ್ನೊಂದು ಬೆಳವಣಿಗೆಯ ಮೇಲೂ ಕಣ್ಣಿಡಬಹುದು. ಸ್ವಿಚ್ಚನ್ನು ಜೆಲ್‌ನಿಂದ ತೆಗೆದು ಇನ್ಸುಲಿನ್ ಅಣುವಿಗೇ ಜೋಡಿಸುವ ಪ್ರಯತ್ನ ಅದು. ಸಕ್ಕರೆ ಕಡಿಮೆಯಾದಾಗ ಅಣು ತನ್ನನ್ನು ತಾನೇ ಮಡಚಿಕೊಂಡು ದುರ್ಬಲವಾಗುತ್ತದೆ, ಹೆಚ್ಚಾದಾಗ ಬಿಚ್ಚಿಕೊಳ್ಳುತ್ತದೆ. ಇನ್ಸುಲಿನ್ ತಯಾರಿಸುವ ನೊವೊ ನಾರ್ಡಿಸ್ಕ್ ಕಂಪನಿಯವರು 2024ರಲ್ಲಿ ‘ನೇಚರ್’ನಲ್ಲಿ ಇಲಿ ಮತ್ತು ಹಂದಿಗಳಲ್ಲಿನ ಫಲಿತಾಂಶ ಪ್ರಕಟಿಸಿದ್ದಾರೆ. ಉಬ್ಬಬೇಕಾದ ಮುದ್ದೆಯೇ ಇಲ್ಲದ್ದರಿಂದ ಮೂರು ಗಂಟೆಯ ತಡವೂ ಇಲ್ಲ.

ಮುಂದಿನ ಸಲ ಇಂಥ ಸುದ್ದಿ ಓದಿದಾಗ ಪ್ರಯೋಗದಲ್ಲಿ ಬಳಸಿದ ಸಕ್ಕರೆಯ ಮಟ್ಟ ನೋಡಿ. ಎಷ್ಟೋ ಪ್ರಯೋಗಗಳಲ್ಲಿ ಡೆಸಿಲೀಟರ್‌ಗೆ 400 ಮಿಲಿಗ್ರಾಂನಲ್ಲಿ ಜೆಲ್ ತೆರೆದುಕೊಳ್ಳುವುದನ್ನೂ ಸೊನ್ನೆಯಲ್ಲಿ ಮುಚ್ಚಿಕೊಳ್ಳುವುದನ್ನೂ ತೋರಿಸುತ್ತಾರೆ. ನಿಮ್ಮ ತಂದೆಯವರಿಗೆ ಬೇಕಿರುವುದು 180ರಲ್ಲಿ ತೆರೆದು 80ರಲ್ಲಿ ಪೂರ್ತಿ ಮುಚ್ಚುವಂಥದ್ದು, ಅದೂ ರಕ್ತದ ಪಿಎಚ್‌ನಲ್ಲಿ, ಕೆಲವು ನಿಮಿಷಗಳೊಳಗೆ.